ರೋಮನ್ ಚಿನ್ನದ ನಾಣ್ಯವನ್ನು ಓದುವುದು ಹೇಗೆ? ಎಣ್ಣೂರಿನಿಂದ ಎಗ್ಮೋರಿಗೆ ಒಂದು ದಿನದ ಕೈಪಿಡಿ

ಎಣ್ಣೂರು ಸ್ಟೇಷನ್ನಿನಿಂದ ಉತ್ತರಕ್ಕೆ ಹೋಗುವ ರೈಲು ಗುಮ್ಮಿಡಿಪೂಂಡಿ, ಸೂಳೂರುಪೇಟೆ, ಗೂಡೂರು ದಾಟಿ ನೆಲ್ಲೂರು ಸೇರುತ್ತದೆ. ಆ ನೆಲ್ಲೂರಿನ ಹತ್ತಿರ 1786ರ ಸುಮಾರಿಗೆ ಒಬ್ಬ ರೈತ ಹೊಲ ಉಳುತ್ತಿದ್ದಾಗ ನೇಗಿಲಿಗೆ ಇಟ್ಟಿಗೆ ಕಟ್ಟಡವೊಂದು ಅಡ್ಡ ಸಿಕ್ಕಿತು. ಅಗೆದು ನೋಡಿದರೆ ಒಂದು ಚಿಕ್ಕ ಗುಡಿಯ ಅವಶೇಷ. ಅದರ ಅಡಿಯಲ್ಲಿ ಒಂದು ಕುಡಿಕೆ. ಕುಡಿಕೆಯ ತುಂಬ ಕ್ರಿಸ್ತಶಕ 2ನೇ ಶತಮಾನದ ರೋಮನ್ ಚಿನ್ನದ ನಾಣ್ಯಗಳು. ರೈತ ಅವನ್ನು ಹಳೆಯ ಚಿನ್ನವೆಂದು ಮಾರಿದ. ಬಹಳಷ್ಟು ಕರಗಿಹೋದವು. ಆರ್ಕಾಟಿನ ನವಾಬನ ಮಗ ಅಮೀರ್ ಉಲ್ ಉಮರಾ 30ಕ್ಕೂ ಹೆಚ್ಚು ನಾಣ್ಯಗಳನ್ನು ಉಳಿಸಿಕೊಂಡ. ಆಗ ಮದ್ರಾಸಿನ ಗವರ್ನರ್ ಆಗಿದ್ದ ಅಲೆಕ್ಸಾಂಡರ್ ಡೇವಿಡ್‌ಸನ್ ಅವುಗಳಲ್ಲಿ ಎರಡನ್ನು ಆರಿಸಿಕೊಂಡ: ಒಂದು ಹೇಡ್ರಿಯನ್ ಚಕ್ರವರ್ತಿಯದು, ಇನ್ನೊಂದು ಫೌಸ್ಟಿನಾ ರಾಣಿಯದು.

ಡೇವಿಡ್‌ಸನ್ ಈ ಸಂಗತಿಯನ್ನು ಪತ್ರದಲ್ಲಿ ಬರೆದಿಟ್ಟ. ಕೆಲವು ನಾಣ್ಯಗಳು ನಿನ್ನೆ ಟಂಕಸಾಲೆಯಿಂದ ಬಂದಷ್ಟು ಹೊಸದಾಗಿದ್ದವು, ಕೆಲವು ಸವೆದು ತೂತು ಬಿದ್ದಿದ್ದವು, ಅವನ್ನು ಯಾರೋ ಒಡವೆಯಾಗಿ ತೊಟ್ಟಿರಬೇಕು ಎಂದು ಅವನು ಗಮನಿಸಿದ್ದ. ದಕ್ಷಿಣ ಭಾರತದ ರೋಮನ್ ಚಿನ್ನವನ್ನು ಅರಿಯಲು ಬೇಕಾದ ಕೀಲಿಕೈ ಆ ಒಂದು ಗಮನಿಕೆಯಲ್ಲೇ ಇದೆ. ಇಂಥ ಪ್ರತಿ ನಾಣ್ಯಕ್ಕೂ ಎರಡು ಚರಿತ್ರೆ. ಒಂದನ್ನು ರೋಮಿನ ಟಂಕಸಾಲೆ ಅಚ್ಚೊತ್ತಿತು. ಇನ್ನೊಂದನ್ನು ನಮ್ಮ ಕಡೆಯ ವರ್ತಕರು, ಅಕ್ಕಸಾಲಿಗರು, ಮನೆಯವರು ಅದರ ಮೇಲೆ ಬರೆದರು. ಎರಡನ್ನೂ ಓದಲು ಯಾರು ಬೇಕಾದರೂ ಕಲಿಯಬಹುದು. ಅದಕ್ಕೆ ಲ್ಯಾಟಿನ್ ಪಾಂಡಿತ್ಯ ಬೇಕಿಲ್ಲ. ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಮತ್ತು ಒಂದಿಷ್ಟು ತಾಳ್ಮೆ ಸಾಕು.

ಮೊದಲು ತೂಕ ತಿಳಿಯಿರಿ

ರೋಮನ್ನರ ಮುಖ್ಯ ಚಿನ್ನದ ನಾಣ್ಯದ ಹೆಸರು ಔರಿಯಸ್. ಚೆನ್ನೈನ ಒಡವೆ ಅಂಗಡಿಗಳಲ್ಲಿ ಚಿನ್ನವನ್ನು ಅಳೆಯುವ ಪವನು 8 ಗ್ರಾಂ. ಆಗಸ್ಟಸ್ ಕಾಲದ ಔರಿಯಸ್ ಅದಕ್ಕೆ ತುಸು ಕಡಿಮೆ, ಸುಮಾರು 7.8 ಗ್ರಾಂ. ಅಗಲ ಹೆಚ್ಚೆಂದರೆ 2 ಸೆಂಟಿಮೀಟರ್. ಚಿನ್ನ ಬಹುಪಾಲು ಅಪ್ಪಟ. ಒಂದು ಔರಿಯಸ್ 25 ಬೆಳ್ಳಿ ದೀನಾರಿಯಸ್‌ಗೆ ಸಮ, ಒಂದು ದೀನಾರಿಯಸ್ 4 ಸೆಸ್ಟರ್ಷಿಯಸ್‌ಗೆ ಸಮ.

ತೂಕ ಕಾಲಕಾಲಕ್ಕೆ ಇಳಿಯಿತು. ಕ್ರಿ.ಶ. 64ರಲ್ಲಿ ನೀರೊ ಒಂದು ರೋಮನ್ ಪೌಂಡ್ ಚಿನ್ನಕ್ಕೆ 45 ನಾಣ್ಯ ಹೊಡೆಸಿದ. ಒಂದೊಂದರ ತೂಕ ಸುಮಾರು 7.3 ಗ್ರಾಂಗೆ ಬಂತು. 3ನೇ ಶತಮಾನದ ಆರಂಭದಲ್ಲಿ ಕ್ಯಾರಕಲ್ಲ ಅದನ್ನು 50 ನಾಣ್ಯ ಮಾಡಿದ, ತೂಕ 6.5 ಗ್ರಾಂ ಆಸುಪಾಸು. 4ನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಒಂದು ಪೌಂಡಿಗೆ 72ರಂತೆ ಸಾಲಿಡಸ್ ಎಂಬ ಹೊಸ ನಾಣ್ಯ ತಂದ. ಅದು ಸುಮಾರು 4.5 ಗ್ರಾಂ. ಸಾಲಿಡಸ್ ಮುಂದೆ ಶತಮಾನಗಳ ಕಾಲ ಹೆಚ್ಚುಕಡಿಮೆ ಅದೇ ತೂಕದಲ್ಲಿ ನಡೆಯಿತು.

ಹೀಗಾಗಿ ಗಾಜಿನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ತೂಕ ಬರೆದಿದ್ದರೆ ಮೊದಲು ಅದನ್ನು ನೋಡಿ. 7.8 ಗ್ರಾಂ ಹತ್ತಿರವಿದ್ದರೆ ಆಗಸ್ಟಸ್ ಮತ್ತು ಅವನ ಹಿಂದುಮುಂದಿನವರು, 7.3 ಹತ್ತಿರವಿದ್ದರೆ ನೀರೊನ ನಂತರದವರು, 4.5 ಹತ್ತಿರವಿದ್ದರೆ ಕಾನ್‌ಸ್ಟಂಟೈನ್ ಮತ್ತು ಅವನ ಮುಂದಿನ ಬೈಜಾಂಟಿಯಂ ಕಾಲ. ಸವೆದ ನಾಣ್ಯದಲ್ಲಿ ಸ್ವಲ್ಪ ಕಡಿಮೆ ಬರುತ್ತದೆ ಎಂಬುದು ನೆನಪಿರಲಿ.

ಮುಂಬದಿ: ಮುಖ ಮತ್ತು ಬಿರುದು

ಪತ್ರಿಕೆ, ಪೋಸ್ಟರ್ ಯಾವುದೂ ಇಲ್ಲದ ಕಾಲದಲ್ಲಿ ಚಕ್ರವರ್ತಿಯ ಮುಖ ಸಾಮ್ರಾಜ್ಯದ ಮೂಲೆಮೂಲೆ ತಲುಪಿದ್ದು ನಾಣ್ಯದ ಮೂಲಕ. ಆದ್ದರಿಂದ ಮುಂಬದಿಯ ಪ್ರತಿ ವಿವರವೂ ಬೇಕೆಂದೇ ಆರಿಸಿದ್ದು.

ತಲೆಯ ಮೇಲೆ ಏನಿದೆ ನೋಡಿ. ಮೊದಲ ಮೂರು ಶತಮಾನಗಳ ದೊರೆಗಳಿಗೆ ಸಾಮಾನ್ಯವಾಗಿ ಲಾರೆಲ್ ಎಲೆಯ ಮಾಲೆ ಇರುತ್ತದೆ. ಅದು ವಿಜಯದ ಗುರುತು. ಹಿಂಭಾಗದಲ್ಲಿ ಅದರ ದಾರದ ತುದಿಗಳು ಕುತ್ತಿಗೆಯ ಮೇಲೆ ಇಳಿಬಿದ್ದಿರುತ್ತವೆ. ಕಾನ್‌ಸ್ಟಂಟೈನ್‌ನಿಂದ ಈಚೆಗೆ ಮುತ್ತುರತ್ನದ ಪಟ್ಟಿ ಕಾಣಿಸಿಕೊಳ್ಳುತ್ತದೆ. 5ನೇ ಶತಮಾನದ ಎರಡನೇ ಥಿಯೊಡೋಷಿಯಸ್‌ನ ನಾಣ್ಯಗಳಲ್ಲಿ ಮುಖ ಪಕ್ಕಕ್ಕೆ ತಿರುಗಿರುವುದಿಲ್ಲ. ಶಿರಸ್ತ್ರಾಣ ತೊಟ್ಟು, ಹೆಗಲ ಮೇಲೆ ಈಟಿ ಹೊತ್ತು, ಗುರಾಣಿ ಹಿಡಿದು ಬಹುಮಟ್ಟಿಗೆ ನಮ್ಮ ಕಡೆಗೇ ನೋಡುತ್ತಿರುತ್ತಾನೆ. ಇಷ್ಟೇ ಸಾಕು, ನಾಲ್ಕು ನೂರು ವರ್ಷಗಳ ಅಂತರವನ್ನು ದೂರದಿಂದಲೇ ಹೇಳಬಹುದು.

ಆಮೇಲೆ ಸುತ್ತಲಿನ ಅಕ್ಷರ. ಹೆಚ್ಚಿನ ನಾಣ್ಯಗಳಲ್ಲಿ ಎಡ ಕೆಳಗಿನಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಓದಬೇಕು. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ‘ಯು’ ಅಕ್ಷರದ ಜಾಗದಲ್ಲಿ ‘ವಿ’ ಇರುತ್ತದೆ, ಬಿರುದುಗಳೆಲ್ಲ ಮೊಟಕಾಗಿರುತ್ತವೆ. ಈ ಕೆಲವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಮುಕ್ಕಾಲು ಭಾಗ ಬಿಡಿಸಿಕೊಳ್ಳುತ್ತದೆ:

• ‘ಎವಿಜಿ’: ಆಗಸ್ಟಸ್. ಮೊದಲ ಚಕ್ರವರ್ತಿಯ ಹೆಸರಾಗಿದ್ದದ್ದು ಮುಂದೆ ಎಲ್ಲ ಚಕ್ರವರ್ತಿಗಳ ಬಿರುದಾಯಿತು. ಆದ್ದರಿಂದ ಈ ಅಕ್ಷರ ಕಂಡೊಡನೆ ಅದು ಮೊದಲನೆಯ ಆಗಸ್ಟಸ್‌ನದೇ ಎಂದು ತೀರ್ಮಾನಿಸಬೇಡಿ.
• ‘ಐಎಂಪಿ’: ಇಂಪರೇಟರ್, ಸೇನಾಧಿಪತಿ.
• ‘ಪಿಎಂ’: ಪಾಂಟಿಫೆಕ್ಸ್ ಮ್ಯಾಕ್ಸಿಮಸ್, ಪ್ರಧಾನ ಪುರೋಹಿತ.
• ‘ಟಿಆರ್‌ಪಿ’: ಜನರ ಪ್ರತಿನಿಧಿಯ ಅಧಿಕಾರ. ಇದು ವರ್ಷವರ್ಷವೂ ನವೀಕರಣವಾಗುತ್ತಿತ್ತು. ಇದರ ಮುಂದೆ ರೋಮನ್ ಅಂಕಿ ಇದ್ದರೆ ಆ ಅಧಿಕಾರದ ಎಷ್ಟನೇ ವರ್ಷವೆಂದು ತಿಳಿಯುತ್ತದೆ.
• ‘ಸಿಒಎಸ್’: ಕಾನ್ಸಲ್ ಪದವಿ, ಮುಂದಿನ ಅಂಕಿ ಎಷ್ಟು ಸಲವೆಂದು ಹೇಳುತ್ತದೆ.
• ‘ಪಿಪಿ’: ರಾಷ್ಟ್ರಪಿತ.
• ‘ಡಿಐವಿವಿಎಸ್’, ‘ಡಿಐವಿಎ’: ಸತ್ತ ಮೇಲೆ ದೈವತ್ವಕ್ಕೇರಿಸಿದ ದೊರೆ ಅಥವಾ ರಾಣಿ.

ಒಂದು ಉದಾಹರಣೆ. ದಕ್ಷಿಣ ಭಾರತದಲ್ಲಿ ಬಹಳವಾಗಿ ಸಿಗುವ ಟೈಬೀರಿಯಸ್‌ನ ನಾಣ್ಯದ ಮುಂಬದಿ, ಅವನು ದೈವವಾದ ಆಗಸ್ಟಸ್‌ನ ಮಗನೆಂದು ಸಾರುತ್ತದೆ. ಟೈಬೀರಿಯಸ್ ಹುಟ್ಟಿನಿಂದ ಮಗನಲ್ಲ, ದತ್ತು ಮಗ. ಸಿಂಹಾಸನದ ಹಕ್ಕು ಆ ದತ್ತಿನ ಮೇಲೆಯೇ ನಿಂತಿತ್ತು. ಅದಕ್ಕಾಗಿಯೇ ಆ ಮಾತು ಪ್ರತಿ ನಾಣ್ಯದ ಮೇಲೂ ಬೇಕಿತ್ತು.

ಡೇವಿಡ್‌ಸನ್ ಆರಿಸಿಕೊಂಡ ಫೌಸ್ಟಿನಾ ಹೆಸರಿನಲ್ಲಿ ಇಬ್ಬರು ರಾಣಿಯರಿದ್ದಾರೆ: ಆಂಟೊನೈನಸ್ ಪಯಸ್‌ನ ಹೆಂಡತಿ, ಮತ್ತು ಅವಳ ಮಗಳು, ಮಾರ್ಕಸ್ ಅರೀಲಿಯಸ್‌ನ ಹೆಂಡತಿ. ತಾಯಿ ಆಳ್ವಿಕೆಯ ಆರಂಭದಲ್ಲೇ ತೀರಿಕೊಂಡಳು. ಅವಳ ನಾಣ್ಯಗಳಲ್ಲಿ ಬಹುಪಾಲು ಆಮೇಲೆ ಗಂಡ ಹೊಡೆಸಿದವು. ಹಾಗಾಗಿ ಅವುಗಳ ಮೇಲೆ ‘ದಿವಾ’ ಎಂಬ ಬಿರುದಿದೆ. ತಲೆಯ ಮೇಲಕ್ಕೆ ಎತ್ತಿ ಕಟ್ಟಿದ ಅವಳ ಹೆರಳನ್ನು ಅಚ್ಚಿನ ಕೆತ್ತನೆಗಾರ ಎಳೆಎಳೆಯಾಗಿ ಬಿಡಿಸಿದ್ದಾನೆ. ಭೂತಗನ್ನಡಿ ಬೇಕಾಗುವುದು ಇಲ್ಲಿ.

ಹಿಂಬದಿ: ಸಾಮ್ರಾಜ್ಯದ ಸುದ್ದಿ

ಮುಂಬದಿ ಯಾರೆಂದು ಹೇಳಿದರೆ ಹಿಂಬದಿ ಏಕೆ ಆಳುತ್ತಿದ್ದಾನೆ ಎಂದು ಹೇಳುತ್ತದೆ. ನಮ್ಮ ಕಡೆಯ ನಿಧಿಗಳಲ್ಲಿ, ಸಂಗ್ರಹಾಲಯಗಳಲ್ಲಿ ಕಾಣಬಹುದಾದ ಮುಖ್ಯ ಚಿತ್ರಗಳು ಇವು.

ಇಬ್ಬರು ಯುವಕರು, ನಡುವೆ ಗುರಾಣಿ ಮತ್ತು ಈಟಿ: ಇದು ಆಗಸ್ಟಸ್‌ನದು. ನಿಂತಿರುವವರು ಗಾಯಸ್ ಮತ್ತು ಲೂಸಿಯಸ್, ಅವನ ಮೊಮ್ಮಕ್ಕಳು, ದತ್ತು ತೆಗೆದುಕೊಂಡ ಉತ್ತರಾಧಿಕಾರಿಗಳು. ಇಂದಿನ ಫ್ರಾನ್ಸಿನ ಲಿಯೋನ್ ನಗರದ ಟಂಕಸಾಲೆಯಲ್ಲಿ ಇವನ್ನು ಹೊಡೆದರು. ಇಬ್ಬರೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು, ಪಟ್ಟ ಟೈಬೀರಿಯಸ್‌ಗೆ ಹೋಯಿತು. ಆದರೂ ಈ ನಾಣ್ಯ ಭಾರತಕ್ಕೆ ಲೆಕ್ಕವಿಲ್ಲದಷ್ಟು ಬಂತು.

ಪೀಠದ ಮೇಲೆ ಕುಳಿತ ಸ್ತ್ರೀ, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ರೆಂಬೆ: ಇದು ಟೈಬೀರಿಯಸ್‌ನದು. ಅವಳನ್ನು ಶಾಂತಿದೇವತೆಯೆಂದೂ ಅವನ ತಾಯಿ ಲಿವಿಯಾಳ ರೂಪವೆಂದೂ ಹೇಳುತ್ತಾರೆ. ಇದೇ ಚಿತ್ರದ ಬೆಳ್ಳಿ ನಾಣ್ಯವೇ ಬೈಬಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆಯ ನಾಣ್ಯವಿರಬೇಕೆಂದು ಹಲವು ವಿದ್ವಾಂಸರು ನಂಬುತ್ತಾರೆ.

ಕಮಾನು, ಮೇಲೆ ಕುದುರೆ ಸವಾರ: ಇದು ಕ್ಲಾಡಿಯಸ್‌ನದು. ಕ್ರಿ.ಶ. 43ರಲ್ಲಿ ಬ್ರಿಟನ್ ಗೆದ್ದ ಸುದ್ದಿ ಇದರಲ್ಲಿದೆ. ಕಮಾನಿನ ಮೇಲೆ ಬ್ರಿಟನ್ನಿನ ಹೆಸರೂ ಇದೆ. ಬ್ರಿಟನ್ನಿನ ಸೋಲನ್ನು ಸಾರುವ ಈ ಚಿನ್ನ ದಕ್ಷಿಣ ಭಾರತದವರೆಗೆ ಬಂದದ್ದು ಮೆಣಸು, ಮುತ್ತು, ರತ್ನ, ನವಿರು ಬಟ್ಟೆಗಳ ಬೆಲೆಯಾಗಿ.

ಹೇಡ್ರಿಯನ್ ಪ್ರಾಂತ್ಯಪ್ರಾಂತ್ಯಗಳಲ್ಲಿ ಸುತ್ತಿದ ದೊರೆ. ಅವನ ಕೆಲವು ನಾಣ್ಯಗಳಲ್ಲಿ ಒಂದೊಂದು ಪ್ರಾಂತ್ಯವೂ ಸ್ತ್ರೀರೂಪದಲ್ಲಿ ಒರಗಿ ಕುಳಿತಿದೆ. ಅದಕ್ಕೂ ಮುಂಚಿನ ವೆಸ್ಪೇಷಿಯನ್‌ನ ನಾಣ್ಯಗಳಲ್ಲಿ ಜುಡೇಯ ಸೋತು ಅಳುವ ಹೆಣ್ಣಾಗಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಗೆದ್ದ ನಾಡನ್ನು ಒಬ್ಬ ದೊರೆ ಸೆರೆಯಾಗಿಯೂ ಇನ್ನೊಬ್ಬ ಮನೆಯವಳಾಗಿಯೂ ಕಂಡದ್ದು ತಿಳಿಯುತ್ತದೆ.

ಉದ್ದ ಶಿಲುಬೆ ಹಿಡಿದ ರೆಕ್ಕೆಯ ವಿಜಯದೇವತೆ: ಇದು ಸಾಲಿಡಸ್ ಕಾಲ, 5ನೇ ಶತಮಾನದ್ದು. ಹಳೆಯ ದೇವತೆಯ ಕೈಗೆ ಹೊಸ ಧರ್ಮದ ಗುರುತು ಬಂದಿದೆ. 6ನೇ ಶತಮಾನದ ಮೊದಲ ಜಸ್ಟಿನ್ ಬರುವ ಹೊತ್ತಿಗೆ ದೇವತೆಯ ಜಾಗದಲ್ಲಿ ನಮ್ಮ ಕಡೆಗೆ ಮುಖಮಾಡಿ ನಿಂತ ದೇವದೂತ ಬರುತ್ತಾನೆ. ಕೆಳಗಿನ ಅಂಚಿನಲ್ಲಿ ‘ಸಿಒಎನ್ಒಬಿ’ ಎಂಬ ಐದು ಅಕ್ಷರವಿದ್ದರೆ, ಮೊದಲ ಮೂರು ಕಾನ್‌ಸ್ಟಾಂಟಿನೋಪಲ್ ನಗರದ ಗುರುತು, ಕೊನೆಯ ಎರಡು ಶುದ್ಧ ಚಿನ್ನದ ಭರವಸೆ.

ಮೂರನೆಯ ಓದು: ನಮ್ಮವರ ಕೈಗುರುತು

ಯುರೋಪಿನ ಸಂಗ್ರಾಹಕರು ಅಚ್ಚುಕಟ್ಟಾದ ನಾಣ್ಯವನ್ನೇ ಹುಡುಕುತ್ತಾರೆ; ಗಾಯವಾದದ್ದಕ್ಕೆ ಬೆಲೆ ಕಡಿಮೆ. ನಮಗೆ ಗಾಯವಾದದ್ದೇ ಹೆಚ್ಚು ಬೆಲೆಯುಳ್ಳದ್ದು. ನಾಣ್ಯ ಹಡಗಿನಿಂದ ಇಳಿದ ಮೇಲೆ ಇಲ್ಲಿ ಏನಾಯಿತು ಎಂಬುದಕ್ಕೆ ಬೇರೆ ಕಡತವಿಲ್ಲ. ಮೂರು ಗುರುತುಗಳನ್ನು ಹುಡುಕಿ.

ಮೊದಲನೆಯದು ಉಳಿಯ ಕಚ್ಚು. ತಮಿಳುನಾಡಿನ ಪುದುಕ್ಕೋಟೈ ಸಂಸ್ಥಾನದಲ್ಲಿ 1898ರಲ್ಲಿ 501 ಔರಿಯಸ್‌ಗಳ ನಿಧಿ ಸಿಕ್ಕಿತು, ಆಗಸ್ಟಸ್‌ನಿಂದ ವೆಸ್ಪೇಷಿಯನ್‌ವರೆಗಿನವು. ಅವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯಿಂದ ಕಡಿದ ಗೆರೆಯಿದೆ. ಬ್ರಿಟಿಷ್ ಮ್ಯೂಸಿಯಂನ ಜಿ. ಎಫ್. ಹಿಲ್ ಅದೇ ವರ್ಷ ಈ ನಿಧಿಯನ್ನು ಕುರಿತು ಬರೆದರು. ಕಡಿದದ್ದೇಕೆ? ಒಳಗೂ ಚಿನ್ನವೇ ಎಂದು ಪರೀಕ್ಷಿಸಲು ಎಂಬುದು ಒಂದು ವಾದ. ಇನ್ನು ಮುಂದೆ ಇದು ಹಣವಲ್ಲ, ಬರೀ ಚಿನ್ನದ ತೂಕ ಎಂದು ಗುರುತು ಮಾಡಲು ಎಂಬುದು ಇನ್ನೊಂದು. ಪರದೊರೆಯ ಮುಖಕ್ಕೆ ಇಲ್ಲಿ ಅಧಿಕಾರವಿಲ್ಲ ಎಂದು ತೋರಿಸಲು ಎಂಬುದು ಮತ್ತೊಂದು. ಪರೀಕ್ಷೆಗಾದರೆ ಅಂಚಿನಲ್ಲಿ ಕಡಿದರೆ ಸಾಕಿತ್ತು. ಗೆರೆ ಮತ್ತೆ ಮತ್ತೆ ಮುಖದ ಮೇಲೆಯೇ ಬಿದ್ದಿದೆ. ಅದಕ್ಕಾಗಿ ನನಗೆ ಎರಡನೆಯ, ಮೂರನೆಯ ವಾದಗಳ ಕಡೆಗೇ ಒಲವು. ನೀವೂ ನಾಣ್ಯ ನೋಡುವಾಗ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬರೆದುಕೊಳ್ಳಿ.

ಎರಡನೆಯದು ತೂತು. ನಮ್ಮ ಕಡೆಯ ಹಲವು ನಾಣ್ಯಗಳಲ್ಲಿ ಅಕ್ಕಪಕ್ಕ ಎರಡು ತೂತುಗಳಿರುತ್ತವೆ, ಅದೂ ದೊರೆಯ ತಲೆಯ ಮೇಲ್ಗಡೆ. ದಾರ ಪೋಣಿಸಿದಾಗ ನಾಣ್ಯ ತಿರುಗದೆ, ಮುಖ ನೆಟ್ಟಗೆ ಎದೆಯ ಮೇಲೆ ನಿಲ್ಲುವಂತೆ ಮಾಡಿದ ಏರ್ಪಾಡು ಅದು. ಕಡಿದವರಿಗೆ ಮುಖ ಬೇಡವಾಗಿತ್ತು, ಪೋಣಿಸಿದವರಿಗೆ ಮುಖ ಬೇಕಾಗಿತ್ತು. ನಮ್ಮ ಕಾಸಿನ ಸರದ ಹಿಂದೆ ಎಷ್ಟು ಹಳೆಯ ಅಭ್ಯಾಸವಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೂರನೆಯದು ಅನುಕರಣೆ. ರೋಮನ್ ನಾಣ್ಯ ನೋಡಿಕೊಂಡು ಇಲ್ಲಿಯ ಅಕ್ಕಸಾಲಿಗರು ತಾವೇ ಅಚ್ಚು ಮಾಡಿ ಹೊಡೆದರು. ಮುಖ ಹೆಚ್ಚುಕಡಿಮೆ ಹೊಂದುತ್ತದೆ. ಅಕ್ಷರ ಮಾತ್ರ ಬರೀ ಗೆರೆ, ಬಿಂದು, ಅರ್ಧಚಂದ್ರಗಳಾಗಿಬಿಡುತ್ತದೆ. ಲಿಪಿ ಗೊತ್ತಿಲ್ಲದವರು ಅದನ್ನು ಚಿತ್ರವಾಗಿ ಕಂಡಿದ್ದಾರೆ. ಇವು ಇಂದಿನ ಮೋಸದ ನಕಲುಗಳಲ್ಲ. ಸಾವಿರದೈನೂರು ವರ್ಷ ಹಿಂದಿನ ಭಾರತೀಯ ಕೆಲಸ, ಚಿನ್ನವೂ ನಿಜವಾದದ್ದೇ. ರೋಮಿನ ನಾಣ್ಯದಷ್ಟೇ ಗೌರವ ಇವಕ್ಕೂ ಸಲ್ಲಬೇಕು.

ಕನ್ನಡ ನಾಡಿಗೆ ಬಂದ ರೋಮ್

ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿ ಬನವಾಸಿಯನ್ನು ಹೆಸರಿಸಿದ್ದಾನೆ. ಪಚ್ಚೆಬಣ್ಣದ ಬೆರಿಲ್ ರತ್ನ ಸಿಗುವ ಪುನ್ನಾಟವನ್ನೂ ಹೆಸರಿಸಿದ್ದಾನೆ. ಪುನ್ನಾಟವೆಂದರೆ ಮೈಸೂರಿನ ದಕ್ಷಿಣಕ್ಕೆ, ಕಪಿಲಾ ನದಿಯ ಸುತ್ತಲಿನ ಸೀಮೆ. ಅದಕ್ಕೂ ಮುಂಚೆ ರೋಮನ್ ಲೇಖಕ ಪ್ಲಿನಿ, ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಷಿಯಸ್ ಸೆಳೆದುಕೊಳ್ಳುತ್ತದೆ ಎಂದು ಬರೆದಿದ್ದ. ಔರಿಯಸ್ ಲೆಕ್ಕದಲ್ಲಿ ಅದು 5 ಲಕ್ಷ ನಾಣ್ಯ, ಸುಮಾರು 3,600 ಕಿಲೋ ಚಿನ್ನ. ಅಷ್ಟೂ ಚಿನ್ನವಾಗಿಯೇ ಬಂದಿತೆಂದಲ್ಲ. ಬೆಳ್ಳಿ, ಹವಳ, ದ್ರಾಕ್ಷಾರಸ, ಗಾಜು ಎಲ್ಲವೂ ಸೇರಿದ ಮೊತ್ತ ಅದಿರಬಹುದು. ಆದರೂ ವ್ಯಾಪಾರದ ಗಾತ್ರ ಊಹಿಸಲು ಸಾಕು.

ಕರ್ನಾಟಕದಲ್ಲಿ ಸಿಕ್ಕ ಮೊದಮೊದಲ ಕಾಲದ ರೋಮನ್ ನಾಣ್ಯಗಳಲ್ಲಿ ಬೆಳ್ಳಿಯದೇ ಹೆಚ್ಚು ಪಾಲು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ದೀನಾರಿಯಸ್‌ಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಕಡೆ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರಿನ ಎಂ. ಎಚ್. ಕೃಷ್ಣ ಅವರು ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದಾಗ ಶಾತವಾಹನರ ಕಾಲದ ಪದರಗಳಲ್ಲಿ ಟೈಬೀರಿಯಸ್‌ನ ದೀನಾರಿಯಸ್ ಕಂಡಿತು.

ಚಿನ್ನ ನೋಡಬೇಕಾದರೆ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ನಿಧಿಯತ್ತ ತಿರುಗಬೇಕು. ಅಲ್ಲಿ ಸಿಕ್ಕದ್ದು 46 ಚಿನ್ನದ ನಾಣ್ಯ, ಹೆಚ್ಚಿನವು 5ನೇ ಶತಮಾನದಿಂದ 6ನೆಯದರ ಆರಂಭದವರೆಗಿನವು. ಎರಡನೇ ಥಿಯೊಡೋಷಿಯಸ್‌ನ ಮತ್ತು ಮೊದಲ ಜಸ್ಟಿನ್‌ನ ಕಾಲದ ನಾಣ್ಯಗಳು ಕದಂಬರು ಆಳುತ್ತಿದ್ದ ಸೀಮೆಗೆ ಬಂದು ಸೇರಿದ್ದವು. ಬನವಾಸಿ ಅಲ್ಲಿಂದ ದೂರವಿಲ್ಲ.

ಸಿಕ್ಕ ಜಾಗ ಏಕೆ ಮುಖ್ಯ?

ಚೆನ್ನೈ ನಗರದೊಳಗೇ ಇದಕ್ಕೆ ಒಂದು ಪಾಠವಿದೆ. ಮಾಂಬಲಂನಲ್ಲಿ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿದಾಗ ಅದರೊಳಗೆ ಆಗಸ್ಟಸ್‌ನ ಒಂದು ದೀನಾರಿಯಸ್ ಇತ್ತು. ಮುದ್ರಾಂಕಿತ ನಾಣ್ಯಗಳ ಮೇಲೆ ದೊರೆಯ ಹೆಸರಾಗಲಿ ವರ್ಷವಾಗಲಿ ಇರುವುದಿಲ್ಲ. ಅವು ಎಷ್ಟು ಕಾಲ ಚಲಾವಣೆಯಲ್ಲಿದ್ದವು ಎಂಬುದು ಯಾವಾಗಲೂ ಕಷ್ಟದ ಪ್ರಶ್ನೆ. ಆ ಒಂದು ರೋಮನ್ ನಾಣ್ಯದಿಂದ, ನಿಧಿಯನ್ನು ಹೂತದ್ದು ಆಗಸ್ಟಸ್‌ನ ಕಾಲಕ್ಕಿಂತ ಹಿಂದೆ ಅಲ್ಲ ಎಂಬುದು ಖಚಿತವಾಯಿತು. ಅದನ್ನು ಬೇರ್ಪಡಿಸಿ ಮಾರಿದ್ದರೆ ಒಂದು ಬೆಳ್ಳಿ ತುಣುಕು ಉಳಿಯುತ್ತಿತ್ತು, ಕಾಲದ ಸುಳಿವು ಉಳಿಯುತ್ತಿರಲಿಲ್ಲ. ನೆಲ್ಲೂರಿನ ಕುಡಿಕೆಯಲ್ಲಿ ಒಟ್ಟು ಎಷ್ಟು ನಾಣ್ಯಗಳಿದ್ದವೆಂದು ಇಂದು ಹೇಳಲಾಗದೆ ಇರುವುದಕ್ಕೂ ಕಾರಣ ಇದೇ.

ಎಣ್ಣೂರಿನಿಂದ ಎಗ್ಮೋರಿಗೆ

ಪ್ಯಾಂಥಿಯನ್ ರಸ್ತೆಯಲ್ಲಿರುವ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯ 1851ರಲ್ಲಿ ಶುರುವಾಯಿತು. ಹಿಂದಿನ ಮದ್ರಾಸ್ ಪ್ರಾಂತ್ಯ ಬಳ್ಳಾರಿ, ದಕ್ಷಿಣ ಕನ್ನಡ, ಮಲಬಾರ್, ನೆಲ್ಲೂರುಗಳನ್ನೆಲ್ಲ ಒಳಗೊಂಡಿದ್ದರಿಂದ ಪ್ರಾಂತ್ಯದಲ್ಲಿ ಸಿಕ್ಕ ನಿಧಿಗಳ ದೊಡ್ಡ ಪಾಲು ಇಲ್ಲಿಗೆ ಬಂತು. ಸೂಪರಿಂಟೆಂಡೆಂಟ್ ಆಗಿದ್ದ ಎಡ್ಗರ್ ಥರ್ಸ್ಟನ್ 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ರೋಮನ್ ನಾಣ್ಯಗಳ ಪಟ್ಟಿ ಮಾಡಿದರು; 1942ರಲ್ಲಿ ಟಿ. ಜಿ. ಅರವಮುದನ್ ರೋಮನ್ ಮತ್ತು ಬೈಜಾಂಟಿಯಂ ನಾಣ್ಯಗಳ ಪಟ್ಟಿ ತಂದರು. ವಿಳುಪ್ಪುರಂ ಸೀಮೆಯ ಸೋರಿಯಪಟ್ಟಿನ 193 ಚಿನ್ನದ ನಾಣ್ಯಗಳೂ ಇದೇ ಸಂಗ್ರಹ ಸೇರಿದವು.

ಹೋಗುವುದು ಸುಲಭ. ಎಣ್ಣೂರಿನಿಂದ ಸಬರ್ಬನ್ ರೈಲಿನಲ್ಲಿ ಸೆಂಟ್ರಲ್‌ಗೆ ಬಂದರೆ ಅಲ್ಲಿಂದ ಮೆಟ್ರೋದಲ್ಲಿ ಎಗ್ಮೋರ್ ಮುಂದಿನ ನಿಲ್ದಾಣ. ಬೀಚ್ ಸ್ಟೇಷನ್ನಿಗೆ ಹೋಗುವ ರೈಲು ಸಿಕ್ಕರೆ ಅಲ್ಲಿ ತಾಂಬರಂ ಕಡೆಯ ರೈಲಿಗೆ ಬದಲಿಸಿ ಎಗ್ಮೋರಿನಲ್ಲಿ ಇಳಿಯಬಹುದು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ರಾಷ್ಟ್ರೀಯ ಹಬ್ಬಗಳಂದೂ ರಜೆ. ಚಿನ್ನದ ನಾಣ್ಯಗಳನ್ನು ಭದ್ರತೆಯ ಕಾರಣಕ್ಕೆ ಎಲ್ಲ ಕಾಲದಲ್ಲೂ ಹೊರಗಿಡುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಫೋನ್ ಮಾಡಿ, ನಾಣ್ಯ ವಿಭಾಗ ತೆರೆದಿದೆಯೇ, ಏನೇನು ಪ್ರದರ್ಶನದಲ್ಲಿದೆ ಎಂದು ಕೇಳಿಕೊಳ್ಳಿ. ಕ್ಯಾಮೆರಾ ಒಯ್ಯುವುದಾದರೆ ಶುಲ್ಕವನ್ನು ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ. ಫ್ಲ್ಯಾಶ್ ಬೇಡ, ಗಾಜಿನಲ್ಲಿ ಪ್ರತಿಫಲಿಸಿ ಅಕ್ಷರ ಮುಚ್ಚಿಹೋಗುತ್ತದೆ.

ಮಕ್ಕಳನ್ನು ಕರೆದೊಯ್ದರೆ ಒಂದು ಕೆಲಸ ಕೊಡಿ. ಪ್ರತಿಯೊಬ್ಬರೂ ಒಂದೇ ನಾಣ್ಯ ಆರಿಸಿಕೊಂಡು ಹಾಳೆಯ ಮೇಲೆ ಎರಡು ವೃತ್ತ ಬರೆದು, ಮುಂಬದಿ ಹಿಂಬದಿಗಳನ್ನು ಕಂಡಂತೆ ಚಿತ್ರಿಸಲಿ. ಪ್ರದರ್ಶನದಲ್ಲಿ ಒಂದೇ ಬದಿ ಕಾಣುತ್ತಿದ್ದರೆ ಇನ್ನೊಂದು ವೃತ್ತವನ್ನು ಖಾಲಿ ಬಿಟ್ಟು, ಮನೆಗೆ ಬಂದ ಮೇಲೆ ಹುಡುಕಿ ತುಂಬಲಿ. ಕೆಳಗೆ ಈ ಆರು ಸಾಲು ಬರೆಯಲಿ: ದೊರೆಯ ಹೆಸರು, ತಲೆಯ ಮೇಲಿನದು, ಓದಿದ ಅಕ್ಷರ, ಹಿಂಬದಿಯ ಚಿತ್ರ, ಕಚ್ಚು ಅಥವಾ ತೂತು, ಸಿಕ್ಕ ಊರು. ಅಲ್ಲಿಂದ ಹೊರಡುವ ಮೊದಲು ಅಮರಾವತಿಯ ಶಿಲ್ಪಗಳನ್ನೂ ನೋಡಿ. ರೋಮಿನೊಂದಿಗೆ ವ್ಯಾಪಾರ ಉಚ್ಛ್ರಾಯದಲ್ಲಿದ್ದ ಕಾಲಕ್ಕೇ ಸೇರಿದವು ಅವು. ಚಿನ್ನ ಬಂದು ಸೇರಿದ ನಾಡಿನ ಜನ ಹೇಗಿದ್ದರು, ಏನು ತೊಡುತ್ತಿದ್ದರು ಎಂಬುದು ಆ ಕಲ್ಲುಗಳಲ್ಲಿ ಕಾಣುತ್ತದೆ.

ಯಾರಾದರೂ ಮಾರಲು ಬಂದರೆ

ರೋಮನ್ ಚಿನ್ನವೆಂದು ಹೇಳಿ ಮಾರುವವರು ಇದ್ದಾರೆ. ಕೊಳ್ಳುವುದಕ್ಕೆ ಮೊದಲು ಇವನ್ನು ಗಮನಿಸಿ. ಪ್ರಾಚೀನ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹಾಗಾಗಿ ಚಿತ್ರ ತುಸು ನಡು ತಪ್ಪಿರುವುದು ಸಹಜ, ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಮೇಲ್ಮೈ ಮೇಲೆ ಸಣ್ಣಸಣ್ಣ ರಂಧ್ರ, ಸುತ್ತಂಚಿನಲ್ಲಿ ಬೆಸುಗೆಯ ಗೆರೆ, ಮೊಂಡು ಅಕ್ಷರ ಕಾಣುತ್ತವೆ. ಒಂದೇ ಕಡೆ ಒಂದೇ ಬಗೆಯ ಸವಕಳಿ, ಒಂದೇ ಗಾಯವಿರುವ ಎರಡು ನಾಣ್ಯ ಕಂಡರೆ ಎರಡೂ ನಕಲೆಂದೇ ತಿಳಿಯಿರಿ. ಹಸಿರು ಕಿಲುಬು ಕಂಡರೆ ಒಳಗೆ ತಾಮ್ರವಿರಬಹುದು. ಸವಕಳಿಯನ್ನು ಬಿಟ್ಟರೆ ತೂಕ ಮೇಲೆ ಹೇಳಿದ ಅಳತೆಗಳಿಗೆ ಹೊಂದಬೇಕು.

ಯಾವ ಕಾರಣಕ್ಕೂ ಒರೆಗಲ್ಲಿಗೆ ಉಜ್ಜಿಸಬೇಡಿ, ಹುಣಸೆಹಣ್ಣು ಹಾಕಿ ಬೆಳಗಬೇಡಿ. ಶುದ್ಧತೆ ತಿಳಿಯಬೇಕಾದರೆ ನಾಣ್ಯಕ್ಕೆ ಪೆಟ್ಟಾಗದಂತೆ ಎಕ್ಸ್‌ರೇಯಿಂದ ಪರೀಕ್ಷಿಸುವ ಯಂತ್ರಗಳು ಇಂದು ಊರೂರಿನ ಚಿನ್ನ ಪರೀಕ್ಷಾ ಕೇಂದ್ರಗಳಲ್ಲಿವೆ.

ಕಾನೂನನ್ನೂ ತಿಳಿದಿರಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ನೆಂಟರಿಗೆ ಉಡುಗೊರೆಯಾಗಿ ಕಳಿಸುವುದೂ ಇದರಲ್ಲಿ ಬರುತ್ತದೆ.

ನೆಲದಲ್ಲಿ ಸಿಕ್ಕರೆ

ಪಾಯ ತೋಡುವಾಗ, ಕೆರೆ ಹೂಳು ತೆಗೆಯುವಾಗ, ಉಳುವಾಗ ಹಳೆಯ ನಾಣ್ಯ ಸಿಗುವುದು ಇಂದಿಗೂ ಉಂಟು. ಆಗ ಮಾಡಬೇಕಾದದ್ದು ಇಷ್ಟು. ಅಗೆಯುವುದನ್ನು ನಿಲ್ಲಿಸಿ. ಕುಡಿಕೆ, ಅದರ ಚೂರು, ಸುತ್ತಲಿನ ಮಣ್ಣನ್ನು ಇದ್ದಂತೆಯೇ ಬಿಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಜಾಗದ ಗುರುತನ್ನು ಮೊಬೈಲಿನಲ್ಲೇ ಉಳಿಸಿಕೊಳ್ಳಿ. ಎಷ್ಟು ಆಳದಲ್ಲಿತ್ತೆಂದು ಬರೆದುಕೊಳ್ಳಿ. ನಾಣ್ಯಗಳನ್ನು ಹಂಚಿಕೊಳ್ಳಬೇಡಿ, ತೊಳೆಯಬೇಡಿ.

ಆಮೇಲೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ತಮಿಳುನಾಡಿನಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ನಡೆಯುತ್ತದೆ; 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ತಿಳಿಸುವುದು ಕಡ್ಡಾಯ. ತಿಳಿಸದೆ ಮುಚ್ಚಿಟ್ಟರೆ 1 ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯಿದೆ.

ಭಯಪಡಬೇಕಾದದ್ದು ಇಲ್ಲ. 1878ರ ಕಾಯ್ದೆ ಸಿಕ್ಕವರ ಹಕ್ಕನ್ನೂ ಗುರುತಿಸುತ್ತದೆ. ಬೇರೆ ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಮತ್ತು ಜಾಗದ ಮಾಲೀಕರು ಪಾಲು ಕೇಳಿದರೆ, ಬೇರೆ ಒಪ್ಪಂದ ಇಲ್ಲದಾಗ ನಾಲ್ಕರಲ್ಲಿ ಮೂರು ಪಾಲು ಸಿಕ್ಕವರಿಗೆ, ಒಂದು ಪಾಲು ಮಾಲೀಕರಿಗೆ. ಸರ್ಕಾರ ನಿಧಿಯನ್ನೇ ಉಳಿಸಿಕೊಳ್ಳಬಯಸಿದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಕರಗಿಸಿದವನಿಗೆ ಸಿಗುವುದು ಚಿನ್ನದ ಬೆಲೆ ಮಾತ್ರ, ಜೊತೆಗೆ ಸೆರೆಮನೆಯ ಹೆದರಿಕೆ.

ಕೊನೆಗೆ ಮನೆಯ ಪೆಟ್ಟಿಗೆಯ ಮಾತು. ಹಳೆಯ ಕಾಸಿನ ಸರವನ್ನು ಮುರಿಸಿ ಹೊಸ ಒಡವೆ ಮಾಡಿಸುವ ಮೊದಲು ಒಂದೊಂದು ಕಾಸನ್ನೂ ಬೆಳಕಿಗೆ ಹಿಡಿದು ನೋಡಿ. ಹೆಚ್ಚಿನವು ಲಕ್ಷ್ಮಿಯ ಚಿತ್ರದ ಕಾಸುಗಳು, ಇಲ್ಲವೆ ವಿಕ್ಟೋರಿಯಾ, ಜಾರ್ಜ್ ಮುಖದ ಬ್ರಿಟಿಷ್ ಸವರನ್‌ಗಳಾಗಿರುತ್ತವೆ. ಎಲೆಯ ಮಾಲೆ ತೊಟ್ಟ ಮುಖವೋ, ಈಟಿ ಹೊತ್ತ ಮುಖವೋ, ಅರ್ಥವಾಗದ ಗೆರೆಗಳ ಸುತ್ತೋ ಕಂಡರೆ ಅಕ್ಕಸಾಲಿಗರ ಹತ್ತಿರ ಹೋಗಬೇಡಿ. ಸಂಗ್ರಹಾಲಯದ ನಾಣ್ಯ ವಿಭಾಗಕ್ಕೆ ಅಥವಾ ಪುರಾತತ್ವ ಇಲಾಖೆಗೆ ತೋರಿಸಿ. ಆ ಸರ ಯಾರಿಂದ ಯಾರಿಗೆ ಬಂತು, ಯಾವ ಊರಿನ ಮನೆತನದ್ದು ಎಂದು ಹಿರಿಯರನ್ನು ಕೇಳಿ ಬರೆದಿಡಿ. ನೆಲ್ಲೂರಿನ ರೈತನಿಗೆ ತನ್ನ ಕೈಯಲ್ಲಿ ಏನಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಇಂದು ಆ ತಿಳಿವಳಿಕೆ ಎಲ್ಲರಿಗೂ ಎಟಕುತ್ತದೆ. ಉಳಿದ ನಾಣ್ಯಗಳನ್ನು, ಅವು ಸಿಕ್ಕ ಜಾಗದ ಕಥೆಯೊಂದಿಗೆ ಕಾಪಾಡುವ ಹೊಣೆ ನಮ್ಮದು.